ಹುಸಿ ನೌಕರಿಯ ಜಾಹೀರಾತು: ಕಂಪ್ಯೂಟರ್ ಗುತ್ತಿಗೆ ಕೆಲಸ ಅರಸುವವರಿಗೆ ಕೆಲವು ಮಾತು

ಊರಿನಿಂದ ಮುಂಬಯಿಗೆ ಬಂದ ನಮ್ಮವರಲ್ಲಿ ಬಹುಮಂದಿಗೆ ಮೊದಲ ನೌಕರಿ ದೊರೆತುದು ಪರಿಚಯದವರ ಮಾತಿನಿಂದ. ಕುಂದಾಪುರದ ಕಡೆಯ ಹುಡುಗನೊಬ್ಬ ಮಾಟುಂಗದ ಹೋಟೇಲಿನ ಬಾಗಿಲಿಗೆ ಬಂದು ನಿಂತರೆ, ಗಲ್ಲಾದಲ್ಲಿ ಕುಳಿತವರು ಕೇಳುತ್ತಿದ್ದುದು ಎರಡೇ ಪ್ರಶ್ನೆ: "ಯಾವ ಊರು ಮಾರಾಯ? ಯಾರ ಮನೆಯವನು?" ಉತ್ತರ ಸರಿಬಂದರೆ ಅಂದಿನ ಊಟವೂ ರಾತ್ರಿ ಮಲಗಲು ಜಾಗವೂ ಗೊತ್ತಾಗುತ್ತಿದ್ದವು. ಫೋರ್ಟಿನ ಕಚೇರಿಗಳಲ್ಲಿ ಗುಮಾಸ್ತರಾದವರ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ರಾತ್ರಿಶಾಲೆಯಲ್ಲಿ ಓದಿ ಟೈಪಿಂಗ್ ಪರೀಕ್ಷೆ ಮುಗಿಸಿದವನನ್ನು, ಅದೇ ಕಚೇರಿಯಲ್ಲಿದ್ದ ಮಾವನೋ ಊರಿನವರೋ ಸಾಹೇಬರ ಮುಂದೆ ಒಯ್ದು ನಿಲ್ಲಿಸುತ್ತಿದ್ದರು. ಸಂಬಳ ಅಲ್ಪ, ದುಡಿತ ಬಹಳ ಎಂಬುದು ನಿಜ. ಆದರೆ ಕೆಲಸ ಕೊಡುವವನಿಗೊಂದು ಮುಖವಿತ್ತು, ಮನೆಯಿತ್ತು. ಮೋಸವಾದರೆ ಹೋಗಿ ಕೇಳಲು ಒಂದು ಹೊಸ್ತಿಲಿತ್ತು.

ಈಗ ಅದೇ ಹೋಟೇಲು ಕಾರ್ಮಿಕರ, ಅದೇ ಗುಮಾಸ್ತರ ಮಕ್ಕಳು ಕಂಪ್ಯೂಟರ್ ವಿದ್ಯೆ ಕಲಿತಿದ್ದಾರೆ. ಹಗಲು ದುಡಿದು ಸಂಜೆ ತರಗತಿಗೆ ಹೋಗಿ ತಾವೇ ಕಲಿತ ತರುಣರೂ ನಮ್ಮಲ್ಲಿದ್ದಾರೆ. ಕೆಲಸವಿರುವುದು ಐರೋಲಿಯಲ್ಲಿ, ಪುಣೆಯ ಹಿಂಜವಡಿಯಲ್ಲಿ, ಹೈದರಾಬಾದಿನ ಗಚ್ಚಿಬೌಲಿಯಲ್ಲಿ, ಚೆನ್ನೈಯ ಶೋಲಿಂಗನಲ್ಲೂರಿನಲ್ಲಿ, ದೆಹಲಿಯ ಪಕ್ಕದ ನೋಯ್ಡಾದಲ್ಲಿ. ಹೊಸಬನಿಗೆ ಅನೇಕ ವೇಳೆ ಮೊದಲು ಎದುರಾಗುವುದು ಖಾಯಂ ಕೆಲಸವಲ್ಲ. ಆರು ತಿಂಗಳು, ಒಂಬತ್ತು ತಿಂಗಳು, ಒಂದು ವರುಷದ ಗುತ್ತಿಗೆಯ ಕೆಲಸ. ಅದರ ಸುದ್ದಿ ಬರುವುದು ಮಾವನ ಬಾಯಿಂದಲ್ಲ, ಮೊಬೈಲಿನ ಪರದೆಯ ಮೇಲೆ. "ಯಾರ ಮನೆಯವನು?" ಎಂಬ ಹಳೆಯ ಪ್ರಶ್ನೆಯನ್ನು ಇಂದು ತಿರುಗಿಸಿ, ಕೆಲಸ ಕೇಳುವವನೇ ಕೆಲಸ ಕೊಡುವವನಿಗೆ ಹಾಕಬೇಕಾಗಿ ಬಂದಿದೆ. ಹಾಗೆ ಹಾಕದೆ, ಹೆಂಡತಿಯ ಬಳೆಯನ್ನೋ ತಂದೆಯ ಪ್ರಾವಿಡೆಂಟ್ ಫಂಡಿನ ಹಣವನ್ನೋ ಕಳೆದುಕೊಳ್ಳುವವರುಂಟು.

ಮೊದಲು ಈ ಗುತ್ತಿಗೆ ಕೆಲಸದ ಬಗೆಯನ್ನು ತಿಳಿಯುವುದು ಅಗತ್ಯ. ಒಂದು ಬ್ಯಾಂಕು ತನ್ನ ಹಳೆಯ ಲೆಕ್ಕಪತ್ರದ ವ್ಯವಸ್ಥೆಯನ್ನು ಬದಲಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಜಾವಾ ಬಲ್ಲ ಆರು ಮಂದಿ ಒಂಬತ್ತು ತಿಂಗಳ ಮಟ್ಟಿಗೆ ಬೇಕು. ಕೆಲಸ ಮುಗಿದ ಮೇಲೆ ಅವರನ್ನು ಇಟ್ಟುಕೊಳ್ಳುವ ಇರಾದೆ ಬ್ಯಾಂಕಿಗಿಲ್ಲ. ಆದ್ದರಿಂದ ಅದು ಜನರನ್ನು ಪೂರೈಸುವ ಕಂಪೆನಿಯೊಂದಕ್ಕೆ ಹೇಳುತ್ತದೆ. ಆ ಕಂಪೆನಿ ತನ್ನಲ್ಲಿ ಜನ ಸಾಲದೆ ಇನ್ನೊಂದು ಚಿಕ್ಕ ಕಂಪೆನಿಗೆ ಹೇಳುತ್ತದೆ. ಮದುವೆಯ ಅಡುಗೆಯ ಕಂಟ್ರಾಕ್ಟು ಹಿಡಿದವರು ಬಡಿಸಲು ಹುಡುಗರು ಸಾಲದೆ ಇನ್ನೊಬ್ಬರಿಂದ ಹತ್ತು ಮಂದಿಯನ್ನು ತರಿಸಿಕೊಳ್ಳುವುದಿಲ್ಲವೆ? ಇದೂ ಹಾಗೆಯೆ. ಹುಡುಗ ಬಡಿಸುವುದು ಒಬ್ಬರ ಮದುವೆಯಲ್ಲಿ, ಕೂಲಿ ಪಡೆಯುವುದು ಇನ್ನೊಬ್ಬರ ಕೈಯಿಂದ. ಕಂಪ್ಯೂಟರ್ ಕೆಲಸದವನೂ ಬ್ಯಾಂಕಿನ ಕಟ್ಟಡದಲ್ಲಿ ಕುಳಿತಿರುತ್ತಾನೆ. ಅವನ ಸಂಬಳದ ಚೀಟಿಯ ಮೇಲೆ ಮಾತ್ರ ಪೂರೈಕೆದಾರ ಕಂಪೆನಿಯ ಹೆಸರಿರುತ್ತದೆ. ಈ ಕಂಪೆನಿಯ 'ಪೇರೋಲ್' ಎಂದು ಆ ಜನ ಹೇಳುವುದು ಇದನ್ನೇ.

ಇಷ್ಟು ತಿಳಿದರೆ ಒಂದು ಗೋಜು ಬಿಡಿಸಿದಂತಾಗುತ್ತದೆ. "ಜಗತ್ಪ್ರಸಿದ್ಧವಾದ ನಮ್ಮ ಗಿರಾಕಿ ಕಂಪೆನಿಗೆ ಬೇಕಾಗಿದ್ದಾರೆ" ಎಂದಷ್ಟೇ ಬರೆದು ಹೆಸರು ಹೇಳದಿರುವ ಜಾಹೀರಾತನ್ನು ಕಂಡೊಡನೆ ಅದು ಮೋಸವೆಂದು ಹೇಳುವಂತಿಲ್ಲ. ಹೆಸರು ಹೇಳಿದರೆ ಪ್ರತಿಸ್ಪರ್ಧಿಗಳು ನೇರವಾಗಿ ಆ ಗಿರಾಕಿಯ ಬಳಿ ಓಡಿಯಾರೆಂಬ ಭಯದಿಂದ ಸಾಚಾ ಮಧ್ಯವರ್ತಿಗಳೂ ಅದನ್ನು ಮುಚ್ಚಿಡುತ್ತಾರೆ. ಇದು ಆ ವ್ಯಾಪಾರದ ರೂಢಿ. ಠಕ್ಕರಿಗೆ ಬೇಕಾದುದೂ ಇದೇ ರೂಢಿ. ಖಾಯಂ ನೌಕರಿಯ ಜಾಹೀರಾತಿನಲ್ಲಿ ಮಾಲೀಕನ ಹೆಸರಿಲ್ಲದಿದ್ದರೆ ಯಾರಾದರೂ ಅನುಮಾನಿಸುತ್ತಾರೆ, ಗುತ್ತಿಗೆಯದರಲ್ಲಿ ಅನುಮಾನಿಸುವುದಿಲ್ಲ. ಈ ನೆರಳಿನಲ್ಲಿಯೇ ಮೋಸ ಬೆಳೆಯುತ್ತದೆ.

ಆದ್ದರಿಂದ ನಾವು ಒತ್ತಿ ಹೇಳುವ ಮಾತೊಂದಿದೆ: ಕೆಲಸ ಮಾಡಬೇಕಾದ ಸ್ಥಳದ ಹೆಸರನ್ನು ಮೊದಲ ದಿನವೇ ಹೇಳದಿರಬಹುದು, ಸಂಬಳ ಕೊಡುವವನ ಹೆಸರನ್ನು ಮಾತ್ರ ಯಾವ ಸಾಚಾ ಮನುಷ್ಯನೂ ಮುಚ್ಚಿಡಲಾರ. "ನನ್ನ ನೇಮಕಪತ್ರಕ್ಕೆ ರುಜು ಹಾಕುವ ಕಂಪೆನಿ ಯಾವುದು? ನನ್ನ ಸಂಬಳದಿಂದ ಪ್ರಾವಿಡೆಂಟ್ ಫಂಡು ಮುರಿದು ಕಟ್ಟುವವರು ಯಾರು?" ಎಂದು ಕೇಳಿರಿ. ಆಗ ಎದುರಿನವರು "ಅದೆಲ್ಲ ಆಮೇಲೆ ಗೊತ್ತಾಗುತ್ತದೆ ಸರ್, ಮೊದಲು ನೋಂದಣಿ ಮಾಡಿಸಿ" ಎಂದರೆ ಫೋನು ಇಟ್ಟುಬಿಡಬಹುದು.

ಹೆಸರು ಸಿಕ್ಕಿದ ಮೇಲೆ

ಹೆಸರು ಸಿಕ್ಕಿತೆನ್ನೋಣ. ಇನ್ನು ಅದನ್ನು ಪರೀಕ್ಷಿಸುವುದು ಹೇಗೆ? ಸರಕಾರದ ದಫ್ತರಗಳಲ್ಲಿ ಇದಕ್ಕೆ ಬೇಕಾದ ಮಾಹಿತಿ ಸಾಕಷ್ಟಿದೆ; ಹಣ ಕೊಡದೆ, ಮನೆಯಲ್ಲಿಯೇ ಕುಳಿತು ನೋಡಬಹುದು. ಲೆಡ್ಜರು ನೋಡಿ ಪಳಗಿದ ನಮ್ಮ ಗುಮಾಸ್ತ ಬಂಧುಗಳಿಗೆ ಇದು ಕಷ್ಟದ ಕೆಲಸವಲ್ಲ. ಕಂಪ್ಯೂಟರ್ ಬಲ್ಲ ಮಗನಿಗಿಂತ ತಂದೆಯೇ ಇದನ್ನು ಚೆನ್ನಾಗಿ ಮಾಡಬಹುದೆಂದು ನಮ್ಮ ಅಭಿಪ್ರಾಯ.

ಕಂಪೆನಿ ಕಾಯಿದೆಯಂತೆ ನೋಂದಣಿಯಾದ ಪ್ರತಿಯೊಂದು ಕಂಪೆನಿಗೂ 21 ಅಕ್ಷರಾಂಕಗಳ ಒಂದು ಗುರುತಿನ ಸಂಖ್ಯೆಯಿರುತ್ತದೆ. ಅದನ್ನು ಸಿ.ಐ.ಎನ್. ಎನ್ನುತ್ತಾರೆ. ಕಂಪೆನಿಯ ಪತ್ರಗಳ ಮೇಲೆ ಇದನ್ನು ಅಚ್ಚು ಹಾಕಿಸಬೇಕೆಂಬುದು ಕಾನೂನು. ಇದನ್ನು ಓದಲು ಕಲಿತರೆ ಜಾತಕ ಓದಿದಂತೆಯೇ ಸರಿ. ಮೊದಲ ಅಕ್ಷರ 'ಎಲ್' ಎಂದಿದ್ದರೆ ಅದರ ಷೇರುಗಳು ಪೇಟೆಯಲ್ಲಿ ನೋಂದಾಯಿತವಾಗಿವೆ. 'ಯು' ಎಂದಿದ್ದರೆ ಇಲ್ಲ. ಮುಂದಿನ ಐದು ಅಂಕೆಗಳು ಯಾವ ಉದ್ಯಮವೆಂಬುದನ್ನು ಹೇಳುತ್ತವೆ. ಕಂಪ್ಯೂಟರ್ ಸಂಬಂಧದವು ಸಾಮಾನ್ಯವಾಗಿ 72 ಅಥವಾ 62ರಿಂದ ಆರಂಭವಾಗುತ್ತವೆ. ಆಮೇಲಿನ ಎರಡು ಅಕ್ಷರಗಳು ರಾಜ್ಯದವು: ಮಹಾರಾಷ್ಟ್ರಕ್ಕೆ 'ಎಂ.ಎಚ್.', ಕರ್ನಾಟಕಕ್ಕೆ 'ಕೆ.ಎ.', ದೆಹಲಿಗೆ 'ಡಿ.ಎಲ್.'. ಅದರ ಮುಂದಿನ ನಾಲ್ಕು ಅಂಕೆಗಳೇ ಕಂಪೆನಿ ಹುಟ್ಟಿದ ವರುಷ. "ಇಪ್ಪತ್ತೈದು ವರುಷಗಳ ವಿಶ್ವಾಸಾರ್ಹ ಸೇವೆ" ಎಂದು ಕೊಚ್ಚಿಕೊಂಡ ಸಂಸ್ಥೆಯ ಸಂಖ್ಯೆಯಲ್ಲಿ 2024 ಎಂದಿದ್ದರೆ, ಹೆಚ್ಚಿನ ವಿಚಾರಣೆ ಬೇಡ. ಕಂಪೆನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಈ ಸಂಖ್ಯೆಯನ್ನು ಹಾಕಿದರೆ ನೋಂದಾಯಿತ ವಿಳಾಸ, ಇ-ಮೇಲು, ಕಂಪೆನಿ ಬದುಕಿದೆಯೇ ಅಥವಾ ಪಟ್ಟಿಯಿಂದ ಹೆಸರು ಹೊಡೆದುಹಾಕಲ್ಪಟ್ಟಿದೆಯೇ ಎಂಬುದು ಕಾಣುತ್ತದೆ.

ಸಣ್ಣ ಸಂಸ್ಥೆಗಳಿಗೆ ಸಿ.ಐ.ಎನ್. ಇಲ್ಲದಿರಬಹುದು, ಒಬ್ಬರೇ ನಡೆಸುವ ಅಂಗಡಿಗಳೂ ಈ ವ್ಯಾಪಾರದಲ್ಲಿವೆ. ಆಗ ಜಿ.ಎಸ್.ಟಿ. ಸಂಖ್ಯೆಯನ್ನು ಕೇಳಬೇಕು. ಅದರಲ್ಲಿ 15 ಅಕ್ಷರಾಂಕಗಳು. ಮೊದಲ ಎರಡು ರಾಜ್ಯದ್ದು: ಮಹಾರಾಷ್ಟ್ರ 27, ಕರ್ನಾಟಕ 29, ತಮಿಳುನಾಡು 33, ತೆಲಂಗಾಣ 36, ದೆಹಲಿ 07. ಪುಣೆಯಲ್ಲಿ ಕಚೇರಿಯೆಂದು ಹೇಳಿ ಬೇರೊಂದು ರಾಜ್ಯದ ಸಂಖ್ಯೆ ಕೊಟ್ಟರೆ ಕಾರಣ ಕೇಳುವುದು ತಪ್ಪಲ್ಲ.

ಇವೆರಡಕ್ಕಿಂತಲೂ ನಮಗೆ ಮುಖ್ಯವಾಗಿ ತೋರುವುದು ಪ್ರಾವಿಡೆಂಟ್ ಫಂಡಿನ ದಫ್ತರ. ಯಾವ ಸಂಸ್ಥೆಯಾದರೂ ಇಪ್ಪತ್ತು ಮಂದಿಯನ್ನಿಟ್ಟುಕೊಂಡರೆ ಫಂಡಿನ ಕಾಯಿದೆಗೆ ಒಳಪಡುತ್ತದೆ. ನೌಕರರ ಭವಿಷ್ಯನಿಧಿ ಸಂಸ್ಥೆಯ ಜಾಲತಾಣದಲ್ಲಿ ಕಂಪೆನಿಯ ಹೆಸರು ಹಾಕಿ ಹುಡುಕಿದರೆ, ಅದು ತಿಂಗಳು ತಿಂಗಳು ಹಣ ಕಟ್ಟಿದೆಯೇ, ಎಷ್ಟು ಮಂದಿಯ ಪರವಾಗಿ ಕಟ್ಟಿದೆ ಎಂಬುದು ಸಹ ಸಿಕ್ಕುತ್ತದೆ. ಸುಂದರವಾದ ಜಾಲತಾಣವನ್ನು ನಾಲ್ಕು ಕಾಸಿಗೆ ಮಾಡಿಸಬಹುದು. ಕಾಜಿನ ಕಟ್ಟಡದ ಚಿತ್ರವನ್ನು ಎಲ್ಲಿಂದಲಾದರೂ ಎತ್ತಿ ಅಂಟಿಸಬಹುದು. ಆದರೆ ಇನ್ನೂರು ಮಂದಿಯ ಪರವಾಗಿ ಪ್ರತಿ ತಿಂಗಳೂ ಫಂಡಿಗೆ ಹಣ ತುಂಬುವುದು ಠಕ್ಕನ ಕೈಲಾಗುವ ಕೆಲಸವಲ್ಲ. "ಐದು ಸಾವಿರ ನೌಕರರ ಪರಿವಾರ" ಎಂದು ಹೇಳುವವರ ಹೆಸರೇ ಅಲ್ಲಿ ಇಲ್ಲದಿದ್ದರೆ ಉಳಿದುದನ್ನು ವಾಚಕರೇ ಊಹಿಸಬಹುದು.

ಇಲ್ಲಿ ಒಂದು ಎಚ್ಚರಿಕೆ. ಠಕ್ಕರು ನಿಜವಾದ ಕಂಪೆನಿಯ ಹೆಸರು, ಸಂಖ್ಯೆ, ಮುದ್ರೆ ಎಲ್ಲವನ್ನೂ ಕದ್ದು ಬಳಸುತ್ತಾರೆ. ಆಗ ದಫ್ತರಗಳಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಜಾಹೀರಾತಿನಲ್ಲಿ ಕೊಟ್ಟ ಫೋನಿಗೆ ಕರೆಮಾಡಿ "ಇದು ನಿಜವೇ?" ಎಂದು ಕೇಳುವುದರಿಂದ ಪ್ರಯೋಜನವಿಲ್ಲ; ನಿಜವೆಂದೇ ಹೇಳುತ್ತಾರೆ. ಕಂಪೆನಿಯ ಸ್ವಂತ ಜಾಲತಾಣದಲ್ಲಿ ಪ್ರಕಟವಾದ ಫೋನಿಗೋ, ಸಚಿವಾಲಯದ ದಾಖಲೆಯಲ್ಲಿರುವ ಇ-ಮೇಲಿಗೋ ಬರೆದು ಕೇಳಬೇಕು. ಬಂದ ಇ-ಮೇಲಿನಲ್ಲಿ '@' ಚಿಹ್ನೆಯ ಬಲಕ್ಕಿರುವ ಭಾಗವನ್ನು ಅಕ್ಷರ ಅಕ್ಷರವಾಗಿ ಓದಬೇಕು. ದೊಡ್ಡ ಕಂಪೆನಿಯ ಹೆಸರಿಗೆ ಒಂದು ಅಡ್ಡಗೆರೆ ಸೇರಿಸಿ 'ಕೆರಿಯರ್ಸ್' ಎಂದೋ 'ಜಾಬ್ಸ್' ಎಂದೋ ಬಾಲ ಅಂಟಿಸಿದ್ದರೆ ಅದು ಬೇರೆ ಯಾರೋ ಕೊಂಡುಕೊಂಡ ವಿಳಾಸವಾಗಿರುವ ಸಂಭವವೇ ಹೆಚ್ಚು. ಆ ವಿಳಾಸವನ್ನು ಯಾವ ದಿನ ಕೊಳ್ಳಲಾಯಿತೆಂಬುದನ್ನು ತೋರಿಸುವ ಸಾರ್ವಜನಿಕ ದಾಖಲೆಯೂ ಉಂಟು. 'ಹೂ ಈಸ್' ಎಂಬ ಹೆಸರಿನಲ್ಲಿ ಹುಡುಕಿದರೆ ಸಿಕ್ಕುತ್ತದೆ. ಮೂರು ವಾರಗಳ ಹಿಂದೆ ಹುಟ್ಟಿದ ವಿಳಾಸದಿಂದ ಮೂವತ್ತು ವರುಷಗಳ ಕಂಪೆನಿ ಪತ್ರ ಬರೆಯುವುದಿಲ್ಲ.

ಸಾಚಾ ಮನುಷ್ಯ ತಕರಾರು ಮಾಡುತ್ತಾನೆ

ಜಾಹೀರಾತಿನ ಭಾಷೆಯೇ ಅನೇಕ ವೇಳೆ ಗುಟ್ಟು ಬಿಟ್ಟುಕೊಡುತ್ತದೆ. ನಿಜವಾದ ಗುತ್ತಿಗೆ ಕೆಲಸದ ಪ್ರಕಟಣೆ ಸಾಮಾನ್ಯವಾಗಿ ಬಹಳ ಇಕ್ಕಟ್ಟಾಗಿರುತ್ತದೆ: ಇಂಥ ಒಂದು ವಿದ್ಯೆ, ಅದರಲ್ಲಿ ಇಷ್ಟು ವರುಷದ ಅನುಭವ, ಇಂಥ ಊರು, ವಾರಕ್ಕೆ ಇಷ್ಟು ದಿನ ಕಚೇರಿಗೆ ಬರಬೇಕು, ಅವಧಿ ಆರು ತಿಂಗಳು, ಮುಂದುವರಿಸಬಹುದು, ಹದಿನೈದು ದಿನದೊಳಗೆ ಸೇರಬೇಕು. ಓದಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿ "ಇದು ನನಗಲ್ಲ" ಎಂದು ಬಿಟ್ಟುಬಿಡುವಂತಿರುತ್ತದೆ. ಹುಸಿ ಪ್ರಕಟಣೆ ಮದುವೆ ಛತ್ರದ ಬಾಗಿಲಿನಂತೆ ಎಲ್ಲರಿಗೂ ತೆರೆದಿರುತ್ತದೆ. ಜಾವಾ, ಪೈಥಾನ್, ಟೆಸ್ಟಿಂಗ್, ನೆಟ್‌ವರ್ಕಿಂಗ್ ಯಾವುದಾದರೂ ಆದೀತು, ಯಾವ ಪದವಿಯಾದರೂ ಸರಿ, ಅನುಭವ ಬೇಡ, ಮನೆಯಿಂದಲೇ ಕೆಲಸ, ತಿಂಗಳಿಗೆ ಎಂಬತ್ತು ಸಾವಿರ, ಇಂದೇ ಕೊನೆಯ ದಿನ.

ಮಾತುಕತೆಯಲ್ಲಿಯೂ ಇದೇ ಭೇದ. ನಿಜವಾಗಿ ಜನ ಬೇಕಾದವನು ಮೊದಲು ಕೇಳುವುದು ಈಗಿನ ಸಂಬಳವೆಷ್ಟು, ಎಷ್ಟು ಬಯಸುತ್ತೀರಿ, ಈಗಿನ ಕೆಲಸ ಬಿಡಲು ಎಷ್ಟು ದಿನ ನೋಟೀಸು ಕೊಡಬೇಕು ಎಂಬುದನ್ನು. ಏಕೆಂದರೆ ಅವನ ಗಿರಾಕಿ ಅವನ ತಲೆಯ ಮೇಲೆ ಕುಳಿತಿದ್ದಾನೆ. ನೀವು ಹೆಚ್ಚು ಕೇಳಿದರೆ ಚೌಕಾಶಿ ಮಾಡುತ್ತಾನೆ. ವಿದ್ಯೆ ಸಾಲದೆಂದು ಮುಖಕ್ಕೆ ಹೊಡೆದಂತೆ ಹೇಳುತ್ತಾನೆ. ಎರಡು ಬಾರಿ, ಮೂರು ಬಾರಿ ಪರೀಕ್ಷೆ ಮಾಡಿಸುತ್ತಾನೆ. ಕಡೆಗೆ ಸುದ್ದಿಯನ್ನೇ ಹೇಳದೆ ಸುಮ್ಮನಾಗುತ್ತಾನೆ. ಇದರಿಂದ ಬೇಸರಗೊಂಡ ತರುಣರು ಠಕ್ಕನ ಸವಿಮಾತಿಗೆ ಸುಲಭವಾಗಿ ಒಲಿಯುವುದನ್ನು ನಾವು ಕಾಣುತ್ತೇವೆ. ಠಕ್ಕ ತಕರಾರು ಮಾಡುವುದೇ ಇಲ್ಲ. ವಾಟ್ಸಾಪಿನಲ್ಲಿ ಹತ್ತು ಪ್ರಶ್ನೆ ಕೇಳಿ, "ಅಭಿನಂದನೆ ಸರ್, ನೀವು ಆಯ್ಕೆಯಾಗಿದ್ದೀರಿ" ಎನ್ನುತ್ತಾನೆ. ಮುಖ ತೋರಿಸುವುದಿಲ್ಲ, ವಿದ್ಯೆಯ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಕೇಳಲು ಅವನಿಗೇ ವಿದ್ಯೆ ಬರುವುದಿಲ್ಲ!

ಆ ಮೇಲೆ ಬರುವುದು ಹಣದ ಮಾತು. ಅದು ಒಮ್ಮೆಲೇ ಬರುವುದಿಲ್ಲ. ಮೊದಲು ನೋಂದಣಿಗೆಂದು ಸಾವಿರದೈನೂರು. ಇಷ್ಟೇ ತಾನೆ ಎಂದು ಕೊಡುತ್ತೇವೆ. ಬಳಿಕ ಕಾಗದಪತ್ರಗಳ ಪರಿಶೀಲನೆಗೆ ನಾಲ್ಕು ಸಾವಿರ. ಬಳಿಕ ಮನೆಗೆ ಕಳುಹಿಸುವ ಲ್ಯಾಪ್‌ಟಾಪಿನ ಠೇವಣಿ ಹತ್ತು ಸಾವಿರ. ಇದು ಮೊದಲ ಸಂಬಳದೊಡನೆ ವಾಪಸಾಗುತ್ತದಂತೆ. ಬಳಿಕ ತರಬೇತಿ, ವಿಮೆ, ಇನ್ನೊಂದು, ಮತ್ತೊಂದು. ಪ್ರತಿ ಮೆಟ್ಟಿಲಿನಲ್ಲಿಯೂ ಹಿಂದೆ ಕೊಟ್ಟ ಹಣ ಮುಳುಗೀತೆಂಬ ಭಯವೇ ಮುಂದಿನ ಹಣವನ್ನು ಹೊರಡಿಸುತ್ತದೆ. ಹೊಸದಾಗಿ ಸೇರಿದ ಮಾಣಿಯ ಕೈಯಿಂದ ತಟ್ಟೆ ಲೋಟಗಳ ಠೇವಣಿ ಕೇಳಿದ ಹೋಟೇಲು ಮಾಲೀಕರನ್ನು ನಮ್ಮ ವಾಚಕರಲ್ಲಿ ಯಾರಾದರೂ ಕಂಡದ್ದುಂಟೆ? ಇನ್ಫೋಸಿಸ್, ಟಿ.ಸಿ.ಎಸ್., ವಿಪ್ರೋದಂಥ ದೊಡ್ಡ ಕಂಪೆನಿಗಳು ತಾವು ನೇಮಕಾತಿಗಾಗಿ ಅಭ್ಯರ್ಥಿಗಳಿಂದ ಹಣ ಪಡೆಯುವುದಿಲ್ಲವೆಂದು ತಮ್ಮ ಜಾಲತಾಣಗಳಲ್ಲಿ ಎಚ್ಚರಿಕೆ ಹಾಕಿವೆ. ಪೂರೈಕೆದಾರ ಕಂಪೆನಿಯ ಸಂಪಾದನೆಯೂ ಗಿರಾಕಿಯಿಂದ ಬರುವ ಹಣದಲ್ಲಿಯೇ ಅಡಗಿರುತ್ತದೆ. ಕೆಲಸಗಾರನ ಕಿಸೆಗೆ ಕೈ ಹಾಕುವ ಅಗತ್ಯ ಅದಕ್ಕಿಲ್ಲ. ಯು.ಪಿ.ಐ.ಯಲ್ಲಿ ಹಣ ಕಳುಹಿಸುವ ಮುನ್ನ ಪರದೆಯ ಮೇಲೆ ಹಣ ಪಡೆಯುವವನ ಹೆಸರು ಮೂಡುತ್ತದೆ. ಕಂಪೆನಿಯ ಹೆಸರಿರಬೇಕಾದಲ್ಲಿ ಯಾವನೋ ಒಬ್ಬ ವ್ಯಕ್ತಿಯ ಹೆಸರಿದ್ದರೆ ಬೆರಳನ್ನು ಹಿಂದೆಗೆಯಲು ಆಗಲೂ ಸಮಯವಿರುತ್ತದೆ.

ಹಣ ಕೇಳದ ಹುಸಿ ಜಾಹೀರಾತುಗಳೂ ಉಂಟು. ಇವುಗಳನ್ನು ಗುರುತಿಸುವುದು ಇನ್ನೂ ಕಷ್ಟ. ಕೆಲವು ಮಧ್ಯವರ್ತಿಗಳು ಇಲ್ಲದ ಕೆಲಸವನ್ನು ಇದೆಯೆಂದು ಪ್ರಕಟಿಸಿ ತರುಣರ ಬಯೋಡಾಟಾಗಳನ್ನು ರಾಶಿ ಹಾಕಿಕೊಳ್ಳುತ್ತಾರೆ. "ನಮ್ಮಲ್ಲಿ ಹತ್ತು ಸಾವಿರ ಮಂದಿ ಸಿದ್ಧರಿದ್ದಾರೆ" ಎಂದು ಗಿರಾಕಿಗೆ ತೋರಿಸಲು ಅದು ಬೇಕು. ಇನ್ನು ಕೆಲವರು ಮೊದಲ ಮಾತಿನಲ್ಲಿಯೇ "ನಿಮ್ಮ ಹಿಂದಿನ ಮೇಲಧಿಕಾರಿಯ ಹೆಸರು, ಫೋನು ಕೊಡಿ, ವಿಚಾರಿಸಬೇಕು" ಎನ್ನುತ್ತಾರೆ. ವಿಚಾರಿಸುವುದು ನಿಮ್ಮ ಗುಣವನ್ನಲ್ಲ. ಆ ಅಧಿಕಾರಿಗೆ ಜನ ಬೇಕೇ ಎಂಬುದನ್ನು. ನಿಮ್ಮಿಂದ ಅವರಿಗೆ ಹೊಸ ಗಿರಾಕಿಯ ವಿಳಾಸ ಸಿಕ್ಕಿತು, ಅಷ್ಟೆ. ಕೆಲಸ ಖಚಿತವಾಗುವ ಮುನ್ನ ಇಂಥ ಹೆಸರುಗಳನ್ನು ಕೊಡಬೇಕಾಗಿಲ್ಲ. ಪಾನ್ ಸಂಖ್ಯೆಯ ವಿಷಯ ಸ್ವಲ್ಪ ಸೂಕ್ಷ್ಮ: ಒಬ್ಬನೇ ಅಭ್ಯರ್ಥಿಯನ್ನು ಇಬ್ಬರು ಮಧ್ಯವರ್ತಿಗಳು ಕಳುಹಿಸದಂತೆ ತಡೆಯಲು ಗಿರಾಕಿಗಳು ಅದನ್ನೋ ಜನ್ಮದಿನಾಂಕವನ್ನೋ ಕೇಳುವ ರೂಢಿಯಿದೆ, ಹಾಗೆ ಕೇಳಿದ ಮಾತ್ರಕ್ಕೆ ಮೋಸವೆನ್ನಲಾಗದು. ಆದರೆ ಆಧಾರದ ಪ್ರತಿ, ಬ್ಯಾಂಕಿನ ಪಾಸ್‌ಬುಕ್ಕು, ಫೋನಿಗೆ ಬಂದ ಓ.ಟಿ.ಪಿ., ಇವು ನೇಮಕಪತ್ರಕ್ಕೆ ಮೊದಲು ಯಾರಿಗೂ ಬೇಕಾದ ವಸ್ತುಗಳಲ್ಲ. ಓ.ಟಿ.ಪಿ.ಯಂತೂ ನೇಮಕಪತ್ರದ ಅನಂತರವೂ ಬೇಕಿಲ್ಲ. "ನಿಮ್ಮ ಖಾತೆಗೆ ಹಣ ಬರುತ್ತದೆ, ಅದನ್ನು ಮುಂದೆ ಕಳುಹಿಸಿದರೆ ಕಮಿಷನ್" ಎಂಬ ನೌಕರಿಯೂ ಈಚೆಗೆ ಕಾಣಿಸಿಕೊಂಡಿದೆ. ಅದು ಬೇರೆಯವರಿಂದ ದೋಚಿದ ಹಣ. ಪೋಲೀಸರು ಮೊದಲು ಬರುವುದು ಖಾತೆದಾರನ ಮನೆಗೆ.

'ಹಿಂಬಾಗಿಲ' ನೌಕರಿಯ ಮಾತನ್ನು ಇಲ್ಲಿ ಬಿಡಲಾಗದು. ಎರಡು ಮೂರು ಲಕ್ಷ ಕೊಟ್ಟರೆ ಮೂರು ವರುಷದ ಅನುಭವಪತ್ರವನ್ನೂ ಸಂಬಳದ ಚೀಟಿಗಳನ್ನೂ ಸೃಷ್ಟಿಸಿ ಗುತ್ತಿಗೆ ಕೆಲಸಕ್ಕೆ ಸೇರಿಸುತ್ತೇವೆನ್ನುವವರಿದ್ದಾರೆ. ಕೊಟ್ಟವನು ತಾನು ಮೋಸಹೋಗುವುದರ ಜೊತೆಗೆ ಮೋಸದಲ್ಲಿ ಭಾಗಿಯೂ ಆಗುತ್ತಾನೆ. ಫಂಡಿನ ಯು.ಎ.ಎನ್. ಸಂಖ್ಯೆಯ ದಾಖಲೆಯಲ್ಲಿ ಯಾರು ಎಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ದುಡಿದರೆಂಬುದು ಬರೆದಿರುತ್ತದೆ. ಕಂಪೆನಿಗಳು ಸೇರಿಸಿಕೊಂಡ ಮೇಲೂ ಅದನ್ನು ತಾಳೆ ನೋಡುತ್ತವೆ. ಸುಳ್ಳು ಹೊರಬಿದ್ದ ದಿನ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಮೂಲ ಪ್ರಮಾಣಪತ್ರಗಳನ್ನು ಒತ್ತೆಯಾಗಿ ಕೇಳುವವರಿಗೂ ಕೊಡಬಾರದು. ನಕಲು ತೋರಿಸಿ, ಮೂಲವನ್ನು ಕಣ್ಣೆದುರಿನಲ್ಲಿ ಪರೀಕ್ಷಿಸಿ ಹಿಂದಿರುಗಿಸಲು ಹೇಳಬೇಕು.

ಟೈಪಿಂಗ್ ಬಲ್ಲವರಿಗೆ ಒಡ್ಡುವ ಬಲೆ

ಗುಮಾಸ್ತ ಬಂಧುಗಳನ್ನೂ ಅವರ ಮನೆಯ ಹೆಂಗಸರನ್ನೂ ವಿಶೇಷವಾಗಿ ಹಿಡಿಯುವ ಬಲೆಯೊಂದಿದೆ. "ಮನೆಯಲ್ಲಿಯೇ ಕುಳಿತು ಫಾರಂ ತುಂಬುವ ಡಾಟಾ ಎಂಟ್ರಿ ಕೆಲಸ, ಇಷ್ಟು ಫಾರಮಿಗೆ ಇಷ್ಟು ಹಣ, ಠೇವಣಿ ಬೇಡ." ಠೇವಣಿ ಬೇಡವೆಂಬುದರಿಂದಲೇ ನಂಬಿಕೆ ಹುಟ್ಟುತ್ತದೆ. ಒಂದು ಕರಾರುಪತ್ರ ಕಳುಹಿಸಿ ರುಜು ಪಡೆಯುತ್ತಾರೆ. ಅದರಲ್ಲಿ ಸಣ್ಣ ಅಕ್ಷರದಲ್ಲಿ ನೂರಕ್ಕೆ ತೊಂಬತ್ತೆಂಟು ತಪ್ಪಿಲ್ಲದಿರಬೇಕು, ಇಷ್ಟು ದಿನದಲ್ಲಿ ಮುಗಿಯಬೇಕು, ಇಲ್ಲವಾದರೆ ನಷ್ಟ ತುಂಬಿಕೊಡಬೇಕು ಎಂದಿರುತ್ತದೆ. ಹಗಲು ರಾತ್ರಿ ಕಣ್ಣು ನೋಯಿಸಿಕೊಂಡು ಕೆಲಸ ಮುಗಿಸಿದ ಮೇಲೆ "ತಪ್ಪು ಹೆಚ್ಚಾಗಿದೆ" ಎಂಬ ಉತ್ತರ. ತಪ್ಪನ್ನು ಎಣಿಸುವವರೂ ಅವರೇ. ಅದರ ಬೆನ್ನಿಗೇ ವಕೀಲರ ಹೆಸರಿನಲ್ಲಿ ಒಂದು ನೋಟೀಸು: ಇಂತಿಷ್ಟು ಸಾವಿರ ಕಟ್ಟದಿದ್ದರೆ ನ್ಯಾಯಾಲಯ, ಪೋಲೀಸು, ಜೇಲು. ಮಾನಕ್ಕೆ ಅಂಜುವ ಜನ ನೆರೆಯವರಿಗೂ ಹೇಳದೆ ಕಟ್ಟಿಬಿಡುತ್ತಾರೆ.

ಕಟ್ಟಬೇಕಾಗಿಲ್ಲ. ವಕೀಲರ ನೋಟೀಸು ನ್ಯಾಯಾಲಯದ ಆಜ್ಞೆಯಲ್ಲ. ನಿಜವಾದ ವಕೀಲರು ಕಳುಹಿಸಿದ್ದಾದರೂ ಅದು ಒಂದು ಪಕ್ಷದ ಬೇಡಿಕೆ ಮಾತ್ರ. 1872ರ ಕರಾರು ಕಾಯಿದೆಯ 17 ಮತ್ತು 19ನೆಯ ಕಲಮುಗಳಂತೆ, ಮೋಸದಿಂದ ಒಪ್ಪಿಗೆ ಪಡೆದ ಕರಾರನ್ನು ಮೋಸಹೋದವನು ರದ್ದು ಮಾಡಬಹುದು. ನಿಜವಾದ ಕರಾರಿನಲ್ಲಿಯೂ ಬರೆದಷ್ಟು ದಂಡವೆಲ್ಲ ತಾನಾಗಿಯೇ ಸಿಕ್ಕುವುದಿಲ್ಲ. 74ನೆಯ ಕಲಮಿನಂತೆ ನ್ಯಾಯಾಲಯಕ್ಕೆ ಯುಕ್ತವೆನಿಸಿದಷ್ಟು ಪರಿಹಾರ ಮಾತ್ರ. ಫಾರಮಿನಲ್ಲಿ ತಪ್ಪು ಟೈಪು ಮಾಡಿದ್ದಕ್ಕೆ ಯಾರನ್ನೂ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. ವೀಡಿಯೋ ಕರೆಯಲ್ಲಿ ಪೋಲೀಸು ಪೋಷಾಕು ತೊಟ್ಟು ಹೆದರಿಸುವವನು ಪೋಲೀಸನೂ ಅಲ್ಲ.

ವೀಡಿಯೋಗಳಿಗೆ ಮೆಚ್ಚುಗೆ ಒತ್ತುವ, ಹೋಟೇಲುಗಳಿಗೆ ನಕ್ಷತ್ರ ಕೊಡುವ ಟೆಲಿಗ್ರಾಂ 'ಕೆಲಸ'ದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲು ನೂರಿನ್ನೂರು ಕೊಟ್ಟು ಆಮೇಲೆ ಲಕ್ಷಗಳನ್ನು ನುಂಗುವ ಈ ಬಗೆಯ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರಕಾರ 2023ರ ಡಿಸೆಂಬರಿನಲ್ಲಿ ಮುಚ್ಚಿಸಿತು. ಹೊಸವು ಹುಟ್ಟಿಕೊಂಡಿವೆ.

ಟೈಪಿಂಗಿನ ಬಲೆಗಳಲ್ಲಿ ಅತ್ಯಂತ ಭಯಂಕರವಾದುದು ಹಣದಲ್ಲಿ ಮುಗಿಯುವುದಿಲ್ಲ. "ಥಾಯ್ಲೆಂಡಿನಲ್ಲಿ ಡಿಜಿಟಲ್ ಸೇಲ್ಸ್ ಅಂಡ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್" ಎಂಬ ಹುದ್ದೆಗೆ ಕರೆದೊಯ್ಯುವ ಹುಸಿ ಕಂಪೆನಿಗಳ ಬಗ್ಗೆ ಭಾರತದ ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು. ಗುರಿ ಕಂಪ್ಯೂಟರ್ ಬಲ್ಲ ತರುಣರೇ. ಲಾವೋಸಿಗೆ ಕರೆದೊಯ್ದ ಪ್ರಕರಣಗಳಲ್ಲಿ ಸುಲಭವಾದ ಸಂದರ್ಶನ, ಒಂದು ಟೈಪಿಂಗ್ ಪರೀಕ್ಷೆ, ದೊಡ್ಡ ಸಂಬಳ, ಹೋಗಿ ಬರುವ ವಿಮಾನದ ಟಿಕೇಟು, ಎಲ್ಲವೂ ಕೈಗೆ ಬಂದಿದ್ದವು. ಥಾಯ್ಲೆಂಡಿನ ಮಾರ್ಗವಾಗಿ ಹೋದವರನ್ನು ಮೇ ಸೋತ್ ಊರಿನಿಂದ ಗಡಿಯ ಹೊಳೆ ದಾಟಿಸಿ ಬರ್ಮಾದ (ಈಗಿನ ಮ್ಯಾನ್ಮಾರ್) ಮ್ಯಾವಡ್ಡಿ ಪ್ರದೇಶದ ಬೇಲಿಯೊಳಗೆ ಕೂಡಿಹಾಕಲಾಯಿತು. ಅಲ್ಲಿ ಅವರಿಂದ ಮಾಡಿಸಿದ ಕೆಲಸ, ಫೋನಿನ ಮೂಲಕ ಬೇರೆಯವರನ್ನು ಮೋಸಗೊಳಿಸುವುದು. 2025ರ ಮಾರ್ಚ್ 10 ಮತ್ತು 11ರಂದು ವಾಯುಸೇನೆಯ ವಿಮಾನಗಳಲ್ಲಿ 549 ಮಂದಿ ಭಾರತೀಯರನ್ನು ಮೇ ಸೋತಿನಿಂದ ಮರಳಿ ತರಬೇಕಾಯಿತು. ಪ್ರವಾಸದ ವೀಸಾದ ಮೇಲೆ ಹೊರದೇಶದಲ್ಲಿ ನೌಕರಿ ಮಾಡಬಹುದೆಂದು ಹೇಳುವ ಏಜೆಂಟನ ಮಾತನ್ನು ಅಲ್ಲಿಯೇ ನಿಲ್ಲಿಸಬೇಕು. 1983ರ ವಲಸೆ ಕಾಯಿದೆಯಂತೆ ವಿದೇಶಕ್ಕೆ ಜನ ಕಳುಹಿಸುವ ಏಜೆಂಟರು ಸರಕಾರದಲ್ಲಿ ನೋಂದಣಿಯಾಗಿರಬೇಕು. ಅವರ ಹೆಸರು 'ಇ-ಮೈಗ್ರೇಟ್' ಜಾಲತಾಣದಲ್ಲಿರುತ್ತದೆ. ಅವರು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಅದಕ್ಕಿಂತ ಹೆಚ್ಚಿಲ್ಲ.

ಹಣ ಹೋದ ಮೇಲೆ ಏನು ಮಾಡಬೇಕು? ಅಳುತ್ತ ಕೂಡುವುದಕ್ಕಾಗಲಿ, ಠಕ್ಕನಿಗೆ ಮತ್ತೆ ಮತ್ತೆ ಫೋನು ಮಾಡಿ ಬೇಡುವುದಕ್ಕಾಗಲಿ ಸಮಯ ಕಳೆಯಬಾರದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಗಂಟೆಗಳೊಳಗೆ ಹಾರುತ್ತದೆ. ಅದು ಹಾರುವ ಮುನ್ನ ಹಿಡಿದರೆ ಉಂಟು. ಕೂಡಲೇ 1930 ಎಂಬ ಸಂಖ್ಯೆಗೆ ಕರೆಮಾಡಿ ಹಣ ಹೋದ ಖಾತೆ, ಮೊತ್ತ, ವೇಳೆ, ಯು.ಪಿ.ಐ. ವ್ಯವಹಾರದ 12 ಅಂಕೆಗಳ ಸಂಖ್ಯೆ ಇವನ್ನು ಹೇಳಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ತಮ್ಮ ಬ್ಯಾಂಕಿಗೂ ಅದೇ ದಿನ ಬರವಣಿಗೆಯಲ್ಲಿ ತಿಳಿಸಬೇಕು. ನಾಚಿಕೆಯಿಂದ ವಾಟ್ಸಾಪಿನ ಮಾತುಕತೆಯನ್ನು ಅಳಿಸಿಹಾಕುವವರು ಬಹಳ. ಅದೇ ಸಾಕ್ಷ್ಯವೆಂಬುದನ್ನು ಮರೆಯಬಾರದು.

ಪರಸ್ಥಳದಲ್ಲಿರುವ ನಮ್ಮವರಿಗೆ ಇನ್ನೊಂದು ತೊಡಕು. ಮನೆ ಡೊಂಬಿವಲಿಯಲ್ಲಿ, ಕೆಲಸವಿದ್ದದ್ದು ಪುಣೆಯಲ್ಲೆಂದು ಹೇಳಿದ್ದು, ಫೋನು ಬಂದದ್ದು ಎಲ್ಲಿಂದಲೋ, ಹಣ ಸೇರಿದ ಖಾತೆ ಇನ್ನೆಲ್ಲೋ. "ಇದು ನಮ್ಮ ಹದ್ದಿನಲ್ಲಿ ಬರುವುದಿಲ್ಲ" ಎಂದು ಠಾಣೆಯಲ್ಲಿ ತಿರುಗಿಸಿ ಕಳುಹಿಸಿದರೆ ಹಿಂದಿರುಗಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಅದರ ಮಾಹಿತಿಯನ್ನು ಕೊಡಬಹುದೆಂದು ಹೇಳುತ್ತದೆ. ಅವರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮೂ, ಕಂಪ್ಯೂಟರ್ ಮೂಲಕ ಬೇರೊಬ್ಬರ ಸೋಗು ಹಾಕಿ ವಂಚಿಸಿದುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಡಿ ಕಲಮೂ ಅನ್ವಯಿಸುತ್ತವೆ. ಹೋಗುವಾಗ ಜಾಹೀರಾತಿನ ಚಿತ್ರ, ಬಂದ ಇ-ಮೇಲು, 'ನೇಮಕಪತ್ರ', ಹಣ ಕಳುಹಿಸಿದ ರಸೀತಿ, ಬ್ಯಾಂಕಿನ ತಖ್ತೆ ಇವುಗಳ ಎರಡೆರಡು ಪ್ರತಿಗಳನ್ನು ಒಯ್ಯಬೇಕು. ಮಾಹಿತಿ ಕೊಟ್ಟವನಿಗೆ ಪ್ರಥಮ ವರ್ತಮಾನದ ಒಂದು ಪ್ರತಿ ಶುಲ್ಕವಿಲ್ಲದೆ ಸಿಕ್ಕಬೇಕು, ಅದನ್ನು ಪಡೆದೇ ಠಾಣೆಯಿಂದ ಹೊರಡಬೇಕು.